ಹೈ-ಹ್ಯಾಟ್ ಹಿಂದೆ ಓಡಿದ ಸಿಂತ್

"ಡ್ರಮ್ಮರ್ ಕಿವಿಗೆ ಕ್ಲಿಕ್ ಬೇಡ, ಸಿಂತೇ ಅವನ ಹಿಂದೆ ಓಡ್ಲಿ" ಅಂತ ನಾನು ಅಂದಾಗ ರಿಹರ್ಸಲ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. ಕ್ಲಿಕ್ ಅಂದರೆ ವೇಗ ತಪ್ಪದಿರಲಿ ಅಂತ ಹೆಡ್‌ಫೋನಿನಲ್ಲಿ ಹಾಕುವ ಟಿಕ್ ಟಿಕ್, ಸಿಂತ್ ಅಂದರೆ ಸಿಂಥಸೈಸರ್. 8 ತಿಂಗಳು ಹಿಡಿಯಿತು. ಆದರೆ ಆಯಿತು.

ನನಗೆ ಬೇಕಿದ್ದದ್ದು ಅಪ್ಪಟ ಮೋಟರಿಕ್, 70ರ ದಶಕದ ಜರ್ಮನ್ ರಾಕ್‌ನ ಒಂದೇ ಸಮ ಓಡುವ ಡ್ರಮ್ ತಾಳ. ಎರಡು ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್), ಒಂದು ಸ್ನೇರ್ (ಚುರುಕು ದನಿಯ ಡ್ರಮ್), ಮತ್ತೊಂದು ಕಿಕ್, ಮೇಲೆ ಬಿಡದೆ ಹೈ-ಹ್ಯಾಟ್ (ಸ್ಟ್ಯಾಂಡಿನ ಮೇಲಿನ ಜೋಡಿ ತಟ್ಟೆ). ಅಷ್ಟೇ, 9 ನಿಮಿಷ. ಡ್ರಮ್ ಮಷೀನ್‌ನಲ್ಲಿ ಮಾಡಿದರೆ ಹೊಲಿಗೆ ಮಷೀನ್ ಥರ ಕೇಳಿಸಿತು. ಆರ್ಕೆಸ್ಟ್ರಾದಲ್ಲಿ ಬಾರಿಸುವ ಹುಡುಗನನ್ನು ಕರೆದೆ. ಕ್ಲಿಕ್ ಹಾಕಿದರೆ ಬಿಗಿಯಾಗುತ್ತಿದ್ದ. ತೆಗೆದರೆ ಎರಡೇ ನಿಮಿಷಕ್ಕೆ ವೋಲ್ಕಾ ಕೀಸ್, ಅಂದರೆ ನನ್ನ ಪುಟ್ಟ ಸಿಂತ್, ಒಂದು ಕಡೆ, ಅವನು ಇನ್ನೊಂದು ಕಡೆ. ಮೇಲಿಂದ 4 ಬಾರ್‌ಗೊಂದು ಫಿಲ್, ಅಂದರೆ ತಾಳ ಬಿಟ್ಟು ಉರುಳಿಸುವ ಅಲಂಕಾರ! ಅದಕ್ಕೆ ಬೇಕಾಗುವ ಟಾಮ್ ಡ್ರಮ್‌ಗಳನ್ನೇ ಎತ್ತಿ ಹೊರಗಿಟ್ಟೆ.

ವೋಲ್ಕಾದಲ್ಲಿ ಸಿಂಕ್ ಇನ್ ಅಂತ ಒಂದು ತೂತಿದೆ. ಹೊರಗಿನಿಂದ ಅದಕ್ಕೆ ಬರುವ ಒಂದೊಂದು ಪಲ್ಸ್‌ಗೂ ಸೀಕ್ವೆನ್ಸ್, ಅಂದರೆ ಮೊದಲೇ ತುಂಬಿಟ್ಟ ಸ್ವರಗಳ ಸಾಲು, 2 ಸ್ಟೆಪ್ ಮುಂದೆ ಹೋಗುತ್ತದೆ. ಹ್ಯಾಟ್ ಏಟು ಬೀಳುವುದೂ ಅದೇ ಲೆಕ್ಕಕ್ಕೆ. ಹಾಗಾಗಿ ಏಟನ್ನೇ ಪಲ್ಸ್ ಮಾಡಿದರಾಯಿತು. ಬೆಂಗಳೂರಿನ ಎಸ್.ಪಿ. ರೋಡಿನಿಂದ 20-30 ರೂಪಾಯಿಯ ಪೀಜೋ ಬಿಲ್ಲೆ ತಂದೆ, ಅದುರಿದರೆ ಕರೆಂಟಿನ ಮಿಡಿತ ಕೊಡುವಂಥದ್ದು. ಮೊದಲು ಸ್ಟ್ಯಾಂಡಿಗೆ ಅಂಟಿಸಿ ಕೆಟ್ಟೆ. ಕಿಕ್ ಅದುರಿದ್ದನ್ನೂ ಏಟು ಅಂತ ಎಣಿಸಿ ಸೀಕ್ವೆನ್ಸ್ ಎಡವಿತು. ಕೆಳಗಿನ ತಟ್ಟೆಯ ಅಡಿಗೆ ಅಂಟಿಸಿ, ತಟ್ಟೆಗೂ ಸ್ಟ್ಯಾಂಡಿಗೂ ನಡುವೆ ಸೈಕಲ್ ಟ್ಯೂಬಿನ ತುಂಡು ಕೊಟ್ಟ ಮೇಲೆ ಸರಿಹೋಯಿತು. ಪೀಜೋಗೂ ಸಿಂಕ್ ಇನ್‌ಗೂ ನಡುವೆ ಪುಟ್ಟ ಸರ್ಕ್ಯೂಟ್ ಒಂದಿದೆ. ಅದನ್ನು ಮಾತ್ರ ಈಗ ಹೇಳುವುದಿಲ್ಲ, 3 ಬೋರ್ಡ್ ಸುಟ್ಟುಕೊಂಡು ಕಲಿತದ್ದು.

ರೂಮಿಗೆ ಗಂಟೆಗೆ 500ರ ಹಾಗೆ ಒಟ್ಟು 35-40 ಸಾವಿರ ಹೋಗಿರಬೇಕು. ಸೆಕೆಂಡ್ ಹ್ಯಾಂಡ್ ವೋಲ್ಕಾಗೆ 8 ಸಾವಿರ ಬೇರೆ. ಅದರ ಒಂದು ಕೀ ಸತ್ತಿತ್ತು, ಅದಕ್ಕೇ ಹಾಡಿನ ಸ್ಕೇಲ್ ಬದಲಾಯಿಸಿದೆ.

ನಡುವೆ ಕೈ ಖಾಲಿಯಾಯಿತು. ಮೋಟರಿಕ್‌ಗೆ ಹೆಸರಾದ, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ನೋಯ್! ಬ್ಯಾಂಡಿನ ಜೋಡಿಗೂ 1973ರಲ್ಲಿ ಎರಡನೇ ಆಲ್ಬಮ್ ಹೊತ್ತಿಗೆ ಇದೇ ಪಾಡು. ತಮ್ಮದೇ ಸಿಂಗಲ್ಲನ್ನು ರೆಕಾರ್ಡ್ ಪ್ಲೇಯರ್‌ನ 16ರ, 78ರ ಸ್ಪೀಡಿನಲ್ಲಿ ತಿರುಗಿಸಿ ಎರಡನೇ ಬದಿ ತುಂಬಿಸಿದರು. ನಾನೂ ಕೆಟ್ಟುಹೋದ ಟೇಕೊಂದನ್ನು ಅರ್ಧ ಸ್ಪೀಡಿಗೆ ಇಳಿಸಿದೆ. ಗಾಣ ತಿರುಗಿದಂಥ ಆ ಬಾಸ್ ಈಗ ಹಾಡಿನ ಶುರುವಿನಲ್ಲಿದೆ.

ಸುಮ್ನೆ ಒಮ್ಮೆ ತಮಟೆಗೂ ಬಿಲ್ಲೆ ಅಂಟಿಸಿ ನೋಡಿದೆ. ಸಿಂತ್‌ಗೆ ದೆವ್ವ ಹಿಡಿದ ಹಾಗಾಯಿತು. ಚೆನ್ನಾಗಿತ್ತು, ಆದರೆ ಅದು ಬೇರೆಯೇ ಹಾಡು.

ಕೊನೇ ಟೇಕು ನಿಮಿಷಕ್ಕೆ 150 ಬೀಟಿನ ಆಸುಪಾಸಿನಲ್ಲಿ ಶುರುವಾಯಿತು. 7ನೇ ನಿಮಿಷಕ್ಕೆ ಹುಡುಗ ಹುರುಪಾಗಿ 155 ದಾಟಿದ. ಸಿಂತ್‌ನ ಆರ್ಪೆಜಿಯೋ, ಅಂದರೆ ಬಿಡಿಬಿಡಿಯಾಗಿ ಓಡುವ ಸ್ವರಸಾಲು, ಒಂದು ಹೆಜ್ಜೆಯೂ ತಪ್ಪದೆ ಜೊತೆಗೇ ಹೋಯಿತು. ಮೊದಲ ದಿನ ಎಲ್ಲರಿಗಿಂತ ಜಾಸ್ತಿ ನಕ್ಕವನೇ ಅದನ್ನು ಕೇಳಿ, "ಕ್ಲಿಕ್ ಎಷ್ಟಕ್ಕೆ ಇಟ್ಟಿದ್ರಿ?" ಅಂದ. ಹ್ಯಾಟಿನ ಅಡಿ ತೋರಿಸಿದೆ.