ಕಚೇರಿಯ ಹಳೆಯ ಪೆಟ್ಟಿಗೆಯಲ್ಲಿ ಆಟದ ಪಿಸಿ: ಮಂಡ್ಯದಿಂದ ನನ್ನ ಅನುಭವ

ಟಿವಿಗೆ ಜೋಡಿಸಿ ಆಡುವ ಕನ್ಸೋಲ್ ಪ್ಲೇಸ್ಟೇಷನ್ 5 (ಪಿಎಸ್5) ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಡಿಸ್ಕ್ ಮಾದರಿಯ ಬೆಲೆ 49,990 ರೂಪಾಯಿ. ಅದರ ಅರ್ಧ ದುಡ್ಡಿನಲ್ಲಿ ಪಿಸಿ ಕಟ್ಟುತ್ತೇನೆ ಎಂದಾಗ ಗೆಳೆಯರು ನಕ್ಕರು. ‘ಕ್ರಿಪ್ಟೊ ನಾಣ್ಯ ಗಳಿಸಲು ಹಗಲೂರಾತ್ರಿ ಓಡಿಸಿ, ಮೈನಿಂಗ್‌ನಲ್ಲಿ ಬೆಂದ ಗ್ರಾಫಿಕ್ಸ್ ಕಾರ್ಡ್ ತರುತ್ತೀಯಾ? ಎರಡೇ ತಿಂಗಳಿಗೆ ಹೊಗೆ ಬರುತ್ತದೆ, ನೋಡುತ್ತಿರು’ ಎಂದರು. ಎರಡು ವರ್ಷ ದಾಟಿತು, ಹೊಗೆ ಬಂದಿಲ್ಲ.

ಹಗಲು ನನ್ನದು ಮದುವೆ ವಿಡಿಯೊ ಎಡಿಟಿಂಗ್ ಮತ್ತು ಲಗ್ನಪತ್ರಿಕೆಯ ಡಿಟಿಪಿ. ಕಂಪ್ಯೂಟರ್ ಹೇಗೂ ಬೇಕು. ಆಟದ ಕಾರ್ಡೇ ವಿಡಿಯೊ ರೆಂಡರಿಂಗ್‌ಗೂ ಹೆಗಲು ಕೊಡುತ್ತದೆ. ಕನ್ಸೋಲ್ ಟಿವಿಯ ಕೆಳಗೆ ಕುಳಿತು ಒಂದು ರೂಪಾಯಿಯನ್ನೂ ದುಡಿಯುವುದಿಲ್ಲ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಲ್ಲಿ ಯಾವುದೋ ಕಚೇರಿಯಿಂದ ಬಂದ ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್‌ನ ಟವರ್ ಪಿಸಿ ಸಿಕ್ಕಿತು. 16 ಜಿಬಿ ರ್‍ಯಾಮ್ ಸೇರಿ ಸುಮಾರು ಹದಿಮೂರು ಸಾವಿರ. ಏಳನೇ ತಲೆಮಾರಿನದು ಇನ್ನೂ ಅಗ್ಗವಿತ್ತು, ಆದರೆ ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ತೆಳ್ಳನೆಯ ಪೆಟ್ಟಿಗೆಗಳನ್ನು ಮುಟ್ಟಲೇಬೇಡಿ, ದೊಡ್ಡ ಕಾರ್ಡ್ ಅದರಲ್ಲಿ ಕೂರುವುದಿಲ್ಲ. ಟವರ್‌ನಲ್ಲೂ ಹಾರ್ಡ್ ಡಿಸ್ಕ್‌ನ ಚೌಕಟ್ಟು ಬಿಚ್ಚಿ ಜಾಗ ಮಾಡಬೇಕಾಯಿತು.

2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಮೈನಿಂಗ್ ನಿಂತ ಮೇಲೆ 8 ಜಿಬಿಯ ಆರ್‌ಎಕ್ಸ್ 580 ಕಾರ್ಡ್‌ಗಳು ಅಗ್ಗವಾದವು. ಮೊದಲು ತಂದ ಕಾರ್ಡ್ ಅರ್ಧ ಗಂಟೆ ಓಡಿ ಪರದೆಯ ತುಂಬ ಬಣ್ಣದ ಚೌಕಗಳನ್ನು ಚೆಲ್ಲಿತು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಐದು ಸಾವಿರದ ಹತ್ತಿರ ಮುಳುಗಿತು. ಅದರ ಜೊತೆ ರೈಲು ಚಾರ್ಜು, ಮನೆಯಲ್ಲಿ ಕೇಳಿದ ಮಾತು ಬೇರೆ. ಎರಡನೆಯದನ್ನು ಅಂಗಡಿಯಲ್ಲೇ ಪರೀಕ್ಷಿಸಿ ತಂದೆ. ಕಾರ್ಡಿನ ಒಳಗಿನ ಮೂಲ ತಂತ್ರಾಂಶ, ಅಂದರೆ ಬಯಾಸ್, ಮೈನಿಂಗ್‌ಗೆ ಬದಲಿಸಿದ್ದೇ ಉಳಿದಿದೆಯೇ ಎಂದು ಮೊದಲು ನೋಡಬೇಕು. ಅದರ ಮೇಲೆ ನಾನು ಮಾಡುವ ಇನ್ನೊಂದು ಪರೀಕ್ಷೆಯಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಿಜವಾದ ತಲೆನೋವು ಕರೆಂಟು. ಕಚೇರಿ ಪೆಟ್ಟಿಗೆಯ ಪವರ್ ಸಪ್ಲೈ ಈ ಕಾರ್ಡಿಗೆ ಸಾಲದು. 550 ವ್ಯಾಟ್‌ನದಕ್ಕೆ ಮೂರೂವರೆ ಸಾವಿರ, ಮದರ್‌ಬೋರ್ಡಿಗೆ ಹೊಂದುವ ಅಡಾಪ್ಟರ್ ಕೇಬಲ್‌ಗೆ ನಾನೂರೋ ಐನೂರೋ. ಆಟದ ನಡುವೆ ಕರೆಂಟ್ ಹೋದರೆ 600 ವಿಎ ಯುಪಿಎಸ್ ಒಮ್ಮೆ ಕಿರುಚಿ ಆರಿಹೋಗುತ್ತಿತ್ತು. ಎಲ್ಲರೂ ದೊಡ್ಡ ಯುಪಿಎಸ್ ಕೊಳ್ಳು ಎಂದರು. ನಾನು ಕಾರ್ಡಿನ ವೋಲ್ಟೇಜ್ ಇಳಿಸಿ, ಅದು ಎಳೆಯುವ ಕರೆಂಟನ್ನೇ ತಗ್ಗಿಸಿದೆ. ಬೇಸಿಗೆಯಲ್ಲಿ 84 ಡಿಗ್ರಿ ಮುಟ್ಟುತ್ತಿದ್ದದ್ದು 70ರ ಆಸುಪಾಸಿಗೆ ಬಂತು, ಫ್ಯಾನಿನ ಗದ್ದಲ ತಗ್ಗಿತು, ಅದೇ ಯುಪಿಎಸ್ ಈಗ ಆಟ ಸೇವ್ ಮಾಡುವಷ್ಟು ಹೊತ್ತು ತಡೆಯುತ್ತದೆ. ಎಷ್ಟು ಮಿಲಿವೋಲ್ಟ್ ಎಂದು ಕೇಳಬೇಡಿ, ಕಾರ್ಡಿನಿಂದ ಕಾರ್ಡಿಗೆ ಬೇರೆ.

ನಡುವೆ ವಿಂಡೋಸ್ ಬದಲು ಲಿನಕ್ಸ್ ಹಾಕುವ ಹುಚ್ಚೂ ಹಿಡಿದಿತ್ತು. ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಮೂಲಕ ಹೆಚ್ಚಿನವು ಸಲೀಸಾಗಿ ಓಡಿದವು, ವ್ಯಾಲೊರಂಟ್ ಎಂಬ ಆನ್‌ಲೈನ್ ಆಟ ಮಾತ್ರ ಒಳಗೇ ಬಿಡಲಿಲ್ಲ. ವಿಂಡೋಸ್‌ನ ಕನ್ನಡ ತಂತ್ರಾಂಶ ‘ನುಡಿ’ಯಲ್ಲಿ ಮಾಡಿಟ್ಟ ಹಳೆಯ ಲಗ್ನಪತ್ರಿಕೆಗಳೂ ನೆನಪಾಗಿ ವಿಂಡೋಸ್‌ಗೆ ಮರಳಿದೆ.

ಸುಟ್ಟ ಕಾರ್ಡ್ ಬಿಟ್ಟು, ಎಸ್‌ಎಸ್‌ಡಿ ಸೇರಿಸಿ, ಒಟ್ಟು ಇಪ್ಪತ್ತೈದು ಸಾವಿರದ ಆಜುಬಾಜು. ಪಿಎಸ್5ನ ಬಲ ಇದಕ್ಕಿಲ್ಲ, 4ಕೆ ಕನಸು ಬೇಡ. 1080ಪಿ ಪರದೆಯಲ್ಲಿ ಸೆಟ್ಟಿಂಗ್ ಸ್ವಲ್ಪ ತಗ್ಗಿಸಿದರೆ ಬಹುತೇಕ ಆಟಗಳು ನುಣ್ಣಗೆ ಓಡುತ್ತವೆ. ಉಳಿತಾಯವೆಲ್ಲ ಪೆಟ್ಟಿಗೆ ಕೊಂಡ ನಂತರದ್ದು. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಿಂದ ರೂಪಾಯಿ ಬೆಲೆಯಿದೆ. ಹಿಡಿಸದಿದ್ದರೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹದಿನಾಲ್ಕು ದಿನದೊಳಗೆ ಹಣ ವಾಪಸು. ಇನ್ನೊಂದು ಆನ್‌ಲೈನ್ ಅಂಗಡಿ ಎಪಿಕ್ ವಾರಕ್ಕೊಂದಾದರೂ ಆಟ ಬಿಟ್ಟಿ ಕೊಡುತ್ತದೆ. ಕೊಂಡ ಆಟವನ್ನು ಗೆಳೆಯರೊಡನೆ ಆನ್‌ಲೈನ್‌ನಲ್ಲಿ ಆಡಲು ಪ್ಲೇಸ್ಟೇಷನ್‌ನಲ್ಲಿ ಪ್ಲಸ್ ಚಂದಾ ಬೇಕು, ಸ್ಟೀಮ್‌ನಲ್ಲಿ ಅಂಥ ಚಂದಾ ಇಲ್ಲ. ಡಿಸ್ಕ್ ಮಾರಿ ದುಡ್ಡು ವಾಪಸು ಪಡೆಯುವ ಸುಖ ಕನ್ಸೋಲ್‌ನವರಿಗೆ ಮಾತ್ರ, ಅದನ್ನು ಒಪ್ಪುತ್ತೇನೆ.

ಮುಂದಿನ ಕಣ್ಣು ಆರ್‌ಎಕ್ಸ್ 6600 ಕಾರ್ಡಿನ ಮೇಲೆ. 580ಕ್ಕೆ 185 ವ್ಯಾಟ್ ಬೇಕಾದರೆ ಇದಕ್ಕೆ 132 ಸಾಕು, ಬೇರೇನನ್ನೂ ಬದಲಿಸಬೇಕಾಗಿಲ್ಲ. ಹಳೆಯದನ್ನು ಮದ್ದೂರಿನವರೊಬ್ಬರು ಕೇಳಿದ್ದಾರೆ. ಮೂರೂವರೆ ಸಾವಿರಕ್ಕಿಂತ ಕಡಿಮೆಗೆ ಕೊಡುವುದಿಲ್ಲ.