ಎಫ್‌ಆರ್ ವೈರ್ ಬೆಂಕಿಯನ್ನು ಎಷ್ಟು ತಡೆಯುತ್ತದೆ: ವೈರಿಂಗ್ ಕೆಲಸದಲ್ಲಿ ನನ್ನ ಅನುಭವ

ಮನೆ ವೈರಿಂಗ್‌ಗೆ ಹೋದಲ್ಲೆಲ್ಲ ಮಾಲೀಕರು ಕೇಳುವ ಪ್ರಶ್ನೆ ಒಂದೇ: "ಫೈರ್‌ಪ್ರೂಫ್ ವೈರ್ ತಾನೇ ಹಾಕೋದು?" ಕಾಯಿಲ್ ಡಬ್ಬದ ಮೇಲೆ ಎಫ್‌ಆರ್ ಅಂತ ಇರುತ್ತದೆ. ಅಂದರೆ ಫ್ಲೇಮ್ ರಿಟಾರ್ಡೆಂಟ್. ಬೆಂಕಿ ತಗಲುವುದೇ ಇಲ್ಲ ಅಂತಲ್ಲ, ತಗಲಿದರೂ ಬೇಗ ಹರಡುವುದಿಲ್ಲ ಅಂತ. ಮಾತಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಹಾಗಾಗಿ ನಾನು ತೋರಿಸಿಬಿಡುತ್ತೇನೆ.

ಗೇಣುದ್ದದ ತುಂಡನ್ನು ಬಯಲಲ್ಲಿ ಪ್ಲೈಯರ್‌ನಿಂದ ಹಿಡಿದು ಲೈಟರ್ ಹಚ್ಚುತ್ತೇನೆ. ತಾಮ್ರದ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಅಂದರೆ ಪಿವಿಸಿ, ಕಪ್ಪಾಗಿ ಗುಳ್ಳೆ ಏಳುತ್ತದೆ, ಉರಿಯುತ್ತದೆ. ಲೈಟರ್ ತೆಗೆದರೆ ಆರುತ್ತದೆ. ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ. 21ರಷ್ಟು. ಎಫ್‌ಆರ್ ಪಿವಿಸಿ ಉರಿಯುತ್ತಲೇ ಇರಬೇಕಾದರೆ ಕನಿಷ್ಠ ಶೇ. 29 ಬೇಕು. ಆದರೆ ಒಂಟಿ ತುಂಡು ಆರಿತು ಅಂತ ಪೈಪಿನೊಳಗಿನ ಇಡೀ ಕಂತೆಯೂ ಹಾಗೇ ಆರುತ್ತದೆ ಅಂದುಕೊಳ್ಳಬೇಡಿ. ಜೊತೆಗೆ ಆ ಹೊಗೆ! ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಕಣ್ಣು ಗಂಟಲು ಎರಡೂ ಉರಿಯುತ್ತವೆ. ಗಾಳಿ ಬೀಸುವ ದಿಕ್ಕು ನೋಡಿಕೊಂಡೇ ನಿಲ್ಲಬೇಕು.

ಬೆಂಕಿ ಅನಾಹುತದಲ್ಲಿ ಉರಿಗಿಂತ ಜಾಸ್ತಿ ಜೀವ ತೆಗೆಯುವುದು ಹೊಗೆ. ಅದಕ್ಕೇ ಪಿಜಿ, ಅಪಾರ್ಟ್‌ಮೆಂಟ್ ಮೆಟ್ಟಿಲ ದಾರಿಗಳಿಗೆ ಹ್ಯಾಲೊಜೆನ್ (ಪಿವಿಸಿಯಲ್ಲಿರುವ ಕ್ಲೋರಿನ್‌ನಂಥ ಅಂಶ) ಇಲ್ಲದ ವೈರ್ ಹಾಕಿ ಅಂತ ಒತ್ತಾಯ ಮಾಡುತ್ತೇನೆ. ದುಡ್ಡು ಜಾಸ್ತಿ, ನಿಜ. ಆದರೂ ಅಲ್ಲಿ ಉಳಿತಾಯ ಮಾಡಬಾರದು. ಫೈರ್ ಅಲಾರಂ, ಫೈರ್ ಪಂಪ್‌ಗೆ ಬೇಕಾದ್ದು ಬೇರೆಯದೇ, ಫೈರ್ ಸರ್ವೈವಲ್ ಕೇಬಲ್. ತಾಮ್ರದ ಸುತ್ತ ಅಭ್ರಕದ ಟೇಪ್ ಸುತ್ತಿರುತ್ತಾರೆ, ಉರಿಯ ನಡುವೆಯೂ ಕರೆಂಟ್ ಹರಿಯಲಿ ಅಂತ. ಇಂಥ ಕೇಬಲ್‌ಗಳ ಒಂದು ಪರೀಕ್ಷೆಯಲ್ಲಿ 950 ಡಿಗ್ರಿ ಉರಿಯಲ್ಲಿ 3 ಗಂಟೆ ತಡೆಯಬೇಕು.

ಮನೆಗಳಲ್ಲಿ ನನಗೆ ಭಯ ಹುಟ್ಟಿಸುವ ಮಾತು ಇನ್ನೊಂದಿದೆ: "ಎಫ್‌ಆರ್ ಅಲ್ವಾ, ಲೋಡ್ ತಡೆಯುತ್ತೆ ಬಿಡಿ." ಇಲ್ಲ. ಎಫ್‌ಆರ್ ಪಿವಿಸಿಗೂ ಸಾಮಾನ್ಯ ಪಿವಿಸಿಗೂ ದಿನದ ಬಳಕೆಯ ಮಿತಿ 70 ಡಿಗ್ರಿಯೇ. ಲೋಡ್ ಹೆಚ್ಚಿದಷ್ಟೂ ವೈರ್ ಕಾಯುತ್ತದೆ, ಆದ್ದರಿಂದ ಲೈಟಿಗೆ 1.5, ಪ್ಲಗ್ಗಿಗೆ 2.5, ಗೀಸರ್‌ಗೆ 4 ಚದರ ಎಂಎಂ ವೈರ್ ಎಳೆಯುತ್ತೇನೆ. ವೈರಿಗೆ ತಕ್ಕ ಎಂಸಿಬಿ, ಅಂದರೆ ಲೋಡ್ ಮಿತಿ ಮೀರಿದರೆ ತಾನೇ ಕರೆಂಟ್ ಕಡಿಯುವ ಸ್ವಿಚ್, ಹಾಕುತ್ತೇನೆ. ಪದೇ ಪದೇ ಟ್ರಿಪ್ ಆಗುತ್ತದೆ ಅಂತ ದೊಡ್ಡ ಎಂಸಿಬಿ ಕೂರಿಸಿ ಅಂದರೆ ಖಂಡಿತ ಒಪ್ಪುವುದಿಲ್ಲ. ಸ್ಕ್ರೂ ಬಿಗಿ ಮಾಡಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಜಗ್ಗಿ ನೋಡುತ್ತೇನೆ. ಲೂಸ್ ಕನೆಕ್ಷನ್ ಕಾದು ಕಿಡಿ ಹಾರುವುದು ಅಲ್ಲೇ. ನಿಮ್ಮ ಗೀಸರ್ ಪ್ಲಗ್ಗಿನ ಸುತ್ತ ಕಂದು ಬಣ್ಣ ತಿರುಗಿದ್ದರೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಬಿಚ್ಚಿಸಿ ನೋಡಿ.