ಚಳಿಯ ಊಟಿಗೆ ಎಲೆಕ್ಟ್ರಿಕ್ ಕಾರು: ಏರು, ಹೀಟರ್ ಮತ್ತು ಟೈರಿನ ಲೆಕ್ಕ

ಕಳೆದ ಡಿಸೆಂಬರಿನಲ್ಲಿ ಗುಂಡ್ಲುಪೇಟೆಯಿಂದ ನನ್ನ ಭಾವಮೈದುನ ಫೋನ್ ಮಾಡಿ, "ಭಾವ, ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಊಟಿಗೆ ಬರ್ತಾ ಇದ್ದೀವಿ, ಚಳಿಗಾಲದ ಟೈರ್ ಹಾಕಿಸಬೇಕಾ?" ಎಂದು ಕೇಳಿದ. ಬೇಡ ಎಂದೆ. ಆದರೆ ಅವನ ಮನಸ್ಸಿನಲ್ಲಿದ್ದ ನಿಜವಾದ ಅಂಜಿಕೆ ಟೈರಿನದ್ದಲ್ಲ, ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಗತಿಯೇನು ಎಂಬುದಾಗಿತ್ತು. ಊಟಿಯಲ್ಲಿ ನೆಲೆಸಿ ಇಂಥದೇ ಕಾರಿನಲ್ಲಿ ಮೂರು ಚಳಿಗಾಲ ಕಳೆದಿರುವ ನನ್ನ ಅನುಭವದಲ್ಲಿ, ಬಯಲಿನಿಂದ ಬರುವವರು ಚಳಿಯನ್ನು ಎಷ್ಟು ದೂರಿದರೂ ಬ್ಯಾಟರಿಯನ್ನು ಹೆಚ್ಚು ತಿನ್ನುವುದು ಅವರು ಲೆಕ್ಕಕ್ಕೇ ಹಿಡಿಯದ ಘಾಟಿಯ ಏರು ಮತ್ತು ಕಾರಿನ ಹೀಟರ್.

ಮೊದಲು ಮಾಡಬೇಕಾದ ಕೆಲಸವೆಂದರೆ, ಪರದೆಯ ಮೇಲೆ ಕಾಣುವ ಕಿಲೋಮೀಟರಿನ ಅಂಕಿಯನ್ನು ಮರೆತು ಯೂನಿಟ್ಟಿನಲ್ಲಿ ಯೋಚಿಸುವುದು. ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಎಂದರೆ ಒಂದು ಕಿಲೋವ್ಯಾಟ್ ಗಂಟೆ, ಕಾರಿನ ಬ್ಯಾಟರಿಯ ಅಳತೆಯೂ ಹೌದು. ಪರದೆಯ ಅಂಕಿ ನೀವು ಈವರೆಗೆ ಓಡಿಸಿದ ಸಮತಟ್ಟು ರಸ್ತೆಯನ್ನು ನೋಡಿ ಹೇಳಿದ ಅಂದಾಜು. ಮುಂದೆ ಘಾಟಿ ಇದೆಯೆಂಬುದು ಬಹಳಷ್ಟು ಕಾರುಗಳಲ್ಲಿ ಅದಕ್ಕೆ ಗೊತ್ತಿರುವುದಿಲ್ಲ. ಜನರೂ ಸಾಮಾನೂ ಸೇರಿ 1,800 ಕಿಲೋ ತೂಗುವ ಕಾರು ನೂರು ಮೀಟರ್ ಎತ್ತರಕ್ಕೆ ಏರಲು ಅರ್ಧ ಯೂನಿಟ್ ಬೇಕು ಎಂಬ ಒಂದು ಸೂತ್ರ ನೆನಪಿದ್ದರೆ ಸಾಕು. ಗುಂಡ್ಲುಪೇಟೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್, ಊಟಿ ಸುಮಾರು 2,240 ಮೀಟರ್. ಈ ಏರಿಗೆ ಏಳು ಯೂನಿಟ್ ಬೇಕಾದರೆ, ಮೋಟಾರಿನಲ್ಲಿ ಸೋರಿಹೋಗುವುದೂ ಸೇರಿ ಎಂಟು ಎಂದಿಟ್ಟುಕೊಳ್ಳಬಹುದು. ಬಂಡೀಪುರ, ಮುದುಮಲೆ, ಗೂಡಲೂರು ಮಾರ್ಗವಾಗಿ ಸರಿಸುಮಾರು ನೂರು ಕಿಲೋಮೀಟರ್ ದೂರಕ್ಕೆ, ಸಮತಟ್ಟಿನ ಲೆಕ್ಕದಲ್ಲಿ, ಹನ್ನೆರಡು ಯೂನಿಟ್. ಮೇಲಿನ ಚಳಿಯಲ್ಲಿ ಹೀಟರಿಗೆ ಎರಡು. ಒಟ್ಟು ಇಪ್ಪತ್ತೆರಡು. 30 ಯೂನಿಟ್ಟಿನ ಬ್ಯಾಟರಿಯನ್ನು ಪೂರ್ತಿ ತುಂಬಿಸಿಕೊಂಡು ಹೊರಟವರು ಕಾಲು ಭಾಗ ಉಳಿಸಿಕೊಂಡು ಊಟಿ ಸೇರುತ್ತಾರೆ. ಶೇ 60 ಇಟ್ಟುಕೊಂಡು ಹೊರಟವರು ನಡುವಟ್ಟಂ ದಾಟುವ ಹೊತ್ತಿಗೆ ಬೆವರುತ್ತಾರೆ.

ಹಿಂದಿರುಗುವಾಗ ಇನ್ನೊಂದು ಲೆಕ್ಕವೂ ಸೇರುತ್ತದೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುವುದರಿಂದ, ಸಂಜೆ ಗೂಡಲೂರಿನಲ್ಲಿ ಚಾರ್ಜಿಗೆ ನಿಲ್ಲುವವರು ಆ ಗಡಿಯಾರವನ್ನೂ ನೋಡಿಕೊಂಡೇ ನಿಲ್ಲಬೇಕು.

ಇನ್ನು ಹೀಟರ್. ಪೆಟ್ರೋಲ್ ಕಾರಿನ ಎಂಜಿನ್ ತಾನು ಸುಡುವ ಇಂಧನದ ಅರ್ಧಕ್ಕಿಂತ ಹೆಚ್ಚನ್ನು ಬಿಸಿಯಾಗಿ ಹೊರಚೆಲ್ಲುತ್ತದೆ. ಅದರಲ್ಲಿ ಚೂರನ್ನು ಒಳಗೆ ತಿರುಗಿಸಿಕೊಂಡರೆ ಪುಕ್ಕಟೆ ಹೀಟರ್ ಆಯಿತು. ಎಲೆಕ್ಟ್ರಿಕ್ ಮೋಟಾರ್ ಅಷ್ಟು ಬಿಸಿಯಾಗುವುದೇ ಇಲ್ಲವಾದ್ದರಿಂದ ಬಿಸಿಗಾಳಿಯನ್ನೂ ಬ್ಯಾಟರಿಯಿಂದಲೇ ಮಾಡಬೇಕು. ಅಮೆರಿಕದ ಎಎಎ ಎಂಬ ವಾಹನ ಮಾಲೀಕರ ಸಂಘ 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 24 ಡಿಗ್ರಿಗೆ ಹೋಲಿಸಿದರೆ ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಇಲ್ಲದೆ ಓಡಿದ ಕಾರುಗಳ ರೇಂಜ್ (ಒಂದು ಚಾರ್ಜಿಗೆ ಓಡುವ ದೂರ) ಸರಾಸರಿ ಶೇ 12 ಮಾತ್ರ ಕುಸಿದಿತ್ತು. ಹೀಟರ್ ಹಾಕಿದಾಗ ಶೇ 41. ಊಟಿ ಅಷ್ಟು ತಣ್ಣಗಾಗುವುದಿಲ್ಲ, ಜನವರಿಯ ಬೆಳಗಿನ ಜಾವ ಸೊನ್ನೆಯ ಆಸುಪಾಸಿಗೆ ಇಳಿದು ತಲೈಕುಂದದ ಹುಲ್ಲಿನ ಮೇಲೆ ಇಬ್ಬನಿ ಬಿಳಿಯಾಗಿ ಹೆಪ್ಪುಗಟ್ಟುತ್ತದೆ, ಅಷ್ಟೆ. ಆದರೂ ಹೀಟರಿನ ಸ್ವಭಾವ ಬದಲಾಗುವುದಿಲ್ಲ: ಅದು ಕಿಲೋಮೀಟರಿಗೆ ತಕ್ಕಂತೆ ತಿನ್ನುವುದಿಲ್ಲ, ಗಂಟೆಗೆ ತಕ್ಕಂತೆ ತಿನ್ನುತ್ತದೆ. ಮೂರು ಕಿಲೋವ್ಯಾಟಿನ ಹೀಟರನ್ನು ಪೂರ್ತಿ ಉರಿಸುತ್ತ ಘಾಟಿಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವರು, ಗಾಡಿ ಸಮತಟ್ಟಿನಲ್ಲಿ ಓಡಲು ಎಷ್ಟು ಬೇಕೋ ಅಷ್ಟನ್ನೇ ಹೀಟರಿಗೂ ಕೊಟ್ಟಿರುತ್ತಾರೆ. ಏರಿಗೆ ಕೊಟ್ಟದ್ದರಲ್ಲಿ ಒಳ್ಳೆಯ ಪಾಲು ಇಳಿಯುವಾಗ ಮರಳಿ ಬರುತ್ತದೆ; ಹೀಟರಿಗೆ ಕೊಟ್ಟದ್ದು ಕಿಟಕಿಯಿಂದ ಹೋದದ್ದೇ.

ಹಾಗೆಂದು ಚಳಿಯಲ್ಲಿ ನಡುಗುತ್ತ ಕೂರಬೇಕಾಗಿಲ್ಲ. ಹೀಟರನ್ನು 24ರ ಬದಲು 18 ಅಥವಾ 19 ಡಿಗ್ರಿಗೆ ಇಟ್ಟು, ಸ್ವೆಟರ್ ತೆಗೆಯದೆ, ಹಿಂದಿನ ಸೀಟಿನಲ್ಲಿ ಒಂದು ಕಂಬಳಿ ಇಟ್ಟುಕೊಂಡರೆ ಸಾಕಾಗುತ್ತದೆ. ಸೀಟ್ ಬಿಸಿಮಾಡುವ ಸೌಲಭ್ಯವಿದ್ದರೆ ಅದನ್ನೇ ಮೊದಲು ಬಳಸಬೇಕು, ಏಕೆಂದರೆ ಅದಕ್ಕೆ ಬೇಕಾದದ್ದು ನೂರು ವ್ಯಾಟಿನ ಆಚೀಚೆ ಮಾತ್ರ. ಮಂಜಿನಲ್ಲಿ ಗಾಜಿಗೆ ಒಳಗಿನಿಂದ ಹಬೆ ಕಟ್ಟಿದಾಗ ಹಲವರು ಹೀಟರನ್ನು ಪೂರ್ತಿ ಏರಿಸುತ್ತಾರೆ; ಅದಕ್ಕಿಂತ ಒಳಗಾಳಿಯನ್ನೇ ಸುತ್ತಿಸುವ ಗುಂಡಿಯನ್ನು ಆಫ್ ಮಾಡಿ, ಎಸಿ ಹಾಕಿ, ಗಾಳಿಯನ್ನು ಗಾಜಿನತ್ತ ತಿರುಗಿಸಿದರೆ ತೇವ ಬೇಗ ಆರುತ್ತದೆ. ಬೆಳಿಗ್ಗೆ ಗಾಜಿನ ಹೊರಗೆ ಹೆಪ್ಪುಗಟ್ಟಿರುವುದಕ್ಕೆ ಬಿಸಿನೀರು ಸುರಿಯಬಾರದು, ಗಾಜು ಬಿರುಕು ಬಿಡುತ್ತದೆ.

ಚಾರ್ಜ್ ಮಾಡುವುದಕ್ಕೂ ಹೊತ್ತು ಗೊತ್ತು ಇದೆ. ಲಿಥಿಯಂ ಬ್ಯಾಟರಿ ತಣ್ಣಗಾದಾಗ ಅದರ ಒಳಗಿನ ತಡೆ ಹೆಚ್ಚುತ್ತದೆ. ಸೊನ್ನೆಯ ಹತ್ತಿರದಲ್ಲಿ ರಭಸದಿಂದ ಚಾರ್ಜ್ ಮಾಡಿದರೆ ಲಿಥಿಯಂ ಒಳಗಿನ ಗ್ರಾಫೈಟಿನಲ್ಲಿ ಸೇರಿಕೊಳ್ಳದೆ ಅದರ ಮೇಲೆ ಲೋಹವಾಗಿ ಕೂತು ಬ್ಯಾಟರಿಯ ಆಯುಸ್ಸನ್ನು ಕಡಿಮೆ ಮಾಡುತ್ತದೆಯಾದ್ದರಿಂದ, ಕಾರು ತಾನಾಗಿಯೇ ಚಾರ್ಜಿನ ವೇಗವನ್ನು ತಗ್ಗಿಸುತ್ತದೆ. ನಮ್ಮಲ್ಲಿ ಹೆಚ್ಚಾಗಿ ಓಡಾಡುವ ಕಾರುಗಳಲ್ಲಿರುವ ಲಿಥಿಯಂ ಐರನ್ ಫಾಸ್ಫೇಟ್ ಬಗೆಯ, ಎಂದರೆ ಎಲ್ಎಫ್‌ಪಿ ಬ್ಯಾಟರಿಗೆ ಈ ಚಳಿಯ ಅಂಜಿಕೆ ಇನ್ನೂ ತುಸು ಜಾಸ್ತಿ. ಆದ್ದರಿಂದ ಫಾಸ್ಟ್ ಚಾರ್ಜರಿಗೆ ಹೋಗುವುದಿದ್ದರೆ ಘಾಟಿ ಏರಿ ಬಂದ ಕೂಡಲೇ, ಬ್ಯಾಟರಿ ಬೆಚ್ಚಗಿರುವಾಗಲೇ ಹೋಗಬೇಕು. ರಾತ್ರಿಯಿಡೀ ತೆರೆದ ಜಾಗದಲ್ಲಿ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ಹೋದರೆ ಅದೇ ಚಾರ್ಜಿಗೆ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ. ತಂಗುವ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿ ಹಾಕುವುದಾದರೆ, ಹೊರಡುವ ಹೊತ್ತಿಗೆ ಸರಿಯಾಗಿ ಮುಗಿಯುವಂತೆ ಸಮಯ ಹೊಂದಿಸಬೇಕು, ಮತ್ತು ಪ್ಲಗ್ ಕಳಚುವ ಮೊದಲೇ ಒಳಗನ್ನು ಹತ್ತು ನಿಮಿಷ ಬಿಸಿಮಾಡಿಕೊಳ್ಳಬೇಕು. ಆ ಬಿಸಿಯ ಬಹುಪಾಲು ಗೋಡೆಯ ಕರೆಂಟಿನಿಂದ ಬರುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಖಂಡಿತ ಬೇಡ.

ಈಗ ಟೈರಿನ ಮಾತು. ಚಳಿಗಾಲದ ಟೈರ್ ಎಂದರೆ ಮೂರು ಶಿಖರದ ಬೆಟ್ಟ ಮತ್ತು ಹಿಮಹರಳಿನ ಗುರುತು ಒತ್ತಿರುವ ಟೈರ್. ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತ ಹೋದರೆ ಇದರ ರಬ್ಬರ್ ಮೆತ್ತಗೇ ಉಳಿಯುತ್ತದೆ, ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ಎಲೆಕ್ಟ್ರಿಕ್ ಆಗಿದ್ದ ನಾರ್ವೆಯಲ್ಲಿ ಇದಿಲ್ಲದೆ ಚಳಿಗಾಲ ದಾಟುವಂತಿಲ್ಲ. ಅಲ್ಲಿ ಚಳಿಗಾಲದಲ್ಲಿ ಟೈರಿನ ಗೀರು ಕನಿಷ್ಠ 3 ಮಿಲಿಮೀಟರ್ ಆಳವಿರಬೇಕೆಂಬ ಕಾನೂನೇ ಇದೆ. ಆದರೆ ಆ ಮೆತ್ತನೆಯ ರಬ್ಬರ್ ಉರುಳುವಾಗ ಹೆಚ್ಚು ಶಕ್ತಿ ತಿಂದು ರೇಂಜನ್ನು ಕೆಲವು ಶೇಕಡಾ ಕಡಿಮೆ ಮಾಡುತ್ತದೆ, ಗುಂಡ್ಲುಪೇಟೆಯ ಮಧ್ಯಾಹ್ನದ ಬಿಸಿಲಿನ ಡಾಂಬರಿನ ಮೇಲೆ ಬೇಗ ಸವೆಯುತ್ತದೆ, ಬ್ರೇಕ್ ಒತ್ತಿದರೆ ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಹಿಮವೇ ಬೀಳದ ಊಟಿಗೆಂದು ಇಂಥ ಟೈರಿಗೆ ದುಡ್ಡು ಹಾಕುವುದು ನನ್ನ ಮಟ್ಟಿಗೆ ದಂಡ. ಇಲ್ಲಿ ಜಾರಿಸುವುದು ಒದ್ದೆ ರಸ್ತೆ ಮತ್ತು ಅದರ ಮೇಲೆ ಬಿದ್ದ ನೀಲಗಿರಿ ಮರದ ಎಲೆಗಳು; ಅದಕ್ಕೆ ಗೀರು ಚೆನ್ನಾಗಿರುವ ಸಾಧಾರಣ ಟೈರೇ ಮದ್ದು. ನಮ್ಮ ಕಾನೂನು 1.6 ಮಿಲಿಮೀಟರಿನವರೆಗೆ ಸವೆಯಲು ಬಿಡುತ್ತದೆಯಾದರೂ, 3ಕ್ಕಿಂತ ಕಡಿಮೆಯಾದರೆ ಘಾಟಿಗೆ ತರಬೇಡಿ.

ಟೈರಿನ ಗಾಳಿಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 30 ಡಿಗ್ರಿಯ ಊರಿನಲ್ಲಿ 35 ಪಿಎಸ್‌ಐ ಹಾಕಿಸಿದ ಟೈರ್ 2 ಡಿಗ್ರಿಗೆ ತಣಿದಾಗ ನಾಲ್ಕೂವರೆಯಷ್ಟು ಕಳೆದುಕೊಳ್ಳುತ್ತದೆ; ಆದರೆ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡವೂ ಇಳಿಯುವುದರಿಂದ ಮೀಟರಿನಲ್ಲಿ ಎರಡರಷ್ಟು ಮರಳಿ ಬರುತ್ತದೆ. ಹೀಗೆ ನಿಜಕ್ಕೂ ಕೊರತೆ ಬೀಳುವುದು ಎರಡೂವರೆ. ಗಾಳಿ ಕಡಿಮೆಯಾದ ಟೈರ್ ಚಾರ್ಜನ್ನು ತಿನ್ನುವುದರಿಂದ, ಇಲ್ಲೇ ಕೆಲವು ದಿನ ಉಳಿಯುವವರು ಬೆಳಿಗ್ಗೆ ಗಾಡಿ ಓಡುವ ಮೊದಲು ನೋಡಿಸಿ ಸರಿಮಾಡಿಸಿಕೊಳ್ಳಬೇಕು, ಊರಿಗೆ ಮರಳಿದ ಮೇಲೆ ಮತ್ತೆ ನೋಡಿಸಬೇಕು.

ಕೊನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಇಳಿಜಾರು. ಮೊದಲ ಚಳಿಗಾಲದಲ್ಲಿ ನಾನು ರಾತ್ರಿಯಿಡೀ ಚಾರ್ಜ್ ಮಾಡಿ, ಶೇ 100 ಆಯಿತೆಂಬ ಹೆಮ್ಮೆಯಲ್ಲಿ ಬೆಳಿಗ್ಗೆ ಮೆಟ್ಟುಪಾಳ್ಯಂ ಕಡೆಗೆ ಹೊರಟಿದ್ದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂದಿನಂತೆ ಗಾಡಿ ಹಿಡಿದುಕೊಳ್ಳಲಿಲ್ಲ, ನ್ಯೂಟ್ರಲ್‌ನಲ್ಲಿ ಬಿಟ್ಟಂತೆ ಉರುಳತೊಡಗಿತು. ತುಂಬಿದ ಬ್ಯಾಟರಿಗೆ ಇನ್ನಷ್ಟು ತುಂಬಲು ಜಾಗವಿಲ್ಲ, ತಣ್ಣಗಿರುವ ಬ್ಯಾಟರಿ ಬೇಗ ತುಂಬಿಸಿಕೊಳ್ಳಲಾರದು. ಹಾಗಾಗಿ ರೀಜನ್, ಎಂದರೆ ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು ಆ ಶಕ್ತಿಯನ್ನು ಕರೆಂಟಾಗಿ ಬ್ಯಾಟರಿಗೆ ತುಂಬುವ ವ್ಯವಸ್ಥೆ, ಬಹುಮಟ್ಟಿಗೆ ನಿಂತೇ ಹೋಗಿತ್ತು. ಕೂನೂರು ದಾಟಿ ಕಲ್ಲಾರಿನ ತಿರುವುಗಳಲ್ಲಿ ಬ್ರೇಕನ್ನೇ ಒತ್ತುತ್ತ ಬಂದಾಗ ಸುಟ್ಟ ವಾಸನೆ ಮೂಗಿಗೆ ಬಡಿದು, ರಸ್ತೆ ಬದಿಯಲ್ಲಿ ಅರ್ಧ ಗಂಟೆ ನಿಲ್ಲಿಸಬೇಕಾಯಿತು. ಘಾಟಿಯ ಬೋರ್ಡು ಹೇಳುವ 'ಎರಡನೇ ಗೇರ್' ನಮ್ಮ ಕಾರಿಗೆ ಈ ರೀಜನ್ನೇ. ಅದಕ್ಕಾಗಿ ಊಟಿಯಿಂದ ಶೇ 80ಕ್ಕಿಂತ ಹೆಚ್ಚು ತುಂಬಿಸಿಕೊಂಡು ಇಳಿಯಬಾರದು, ರೀಜನ್ ಮಟ್ಟವನ್ನು ಮೊದಲೇ ಗರಿಷ್ಠಕ್ಕೆ ಇಡಬೇಕು, ಮತ್ತು ಮೊದಲ ಕೆಲವು ಕಿಲೋಮೀಟರಿನಲ್ಲಿ ಕಾರು ಎಷ್ಟು ಹಿಡಿಯುತ್ತದೆಂದು ಪರೀಕ್ಷಿಸಿಕೊಂಡೇ ಮುಂದುವರಿಯಬೇಕು. ಬ್ಯಾಟರಿಯ ಅಂಕಿ ಸರಿಹೋಗಲೆಂದು ಆಗಾಗ ಶೇ 100ರವರೆಗೆ ಚಾರ್ಜ್ ಮಾಡಬೇಕಾದ ಎಲ್ಎಫ್‌ಪಿ ಕಾರಿನವರು ಆ ಕೆಲಸವನ್ನು ಬಯಲಿನಲ್ಲಿ ಮಾಡಿಕೊಳ್ಳಲಿ. ಇಳಿಯುವ ದಾರಿಗೆ ಚಾರ್ಜ್ ಸಾಲದೆಂಬ ಅಂಜಿಕೆಯೂ ಬೇಡ: ಎರಡು ದಿನ ಇದ್ದು ಹೊರಟ ಭಾವಮೈದುನ ಶೇ 80ರಲ್ಲಿ ಊಟಿ ಬಿಟ್ಟು, ಐವತ್ತು ಕಿಲೋಮೀಟರ್ ಕೆಳಗಿನ ಗೂಡಲೂರಿನಿಂದ ಫೋನ್ ಮಾಡಿದಾಗ ಅವನ ಪರದೆಯಲ್ಲಿ ಇನ್ನೂ ಶೇ 75 ಇತ್ತು.